ಮೀಠಿನ ವ್ಯಾಜ್ಯ

ಅದು ಎರಡು ಸಾವಿರದ ಹತ್ತನೆಯ ಇಸವಿ. ನನಗಾಗ ಐವತ್ತೆರಡು ವರ್ಷ. ಆ ಡಿಸೆಂಬರಿನ ಒಂದು ಸಂಜೆ, ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ನಮ್ಮ ಕಟ್ಟಡದ ಎದುರಿಗೇ ಇರುವ ದವಾಖಾನೆಯ ತರುಣ ವೈದ್ಯೆ ನನ್ನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸ ಇಳಿಯುವುದನ್ನು ನೋಡಿ, ನಂಬದೆ ಮತ್ತೊಮ್ಮೆ ತುಂಬಿ, ಮತ್ತೊಮ್ಮೆ ನೋಡಿ, "ಕಾಕಾ, ಆಪ್ ಕೋ ಬಿ.ಪಿ. ಹೈ" ಎಂದರು. ಆ ಕ್ಷಣದಲ್ಲಿ ನನ್ನಲ್ಲಿ ಹುಟ್ಟಿದ್ದು ಭಯವಲ್ಲ, ಸಿಟ್ಟು. ಆ 'ಹೈ' ಹಿಂದಿಯ ಕ್ರಿಯಾಪದವೋ, ಇಂಗ್ಲಿಷಿನ ವಿಶೇಷಣವೋ? ಕ್ರಿಯಾಪದವಾದರೆ ವಾಕ್ಯಕ್ಕೆ ಅರ್ಥವಿಲ್ಲ. ಬಿ.ಪಿ. ಎಂದರೆ ರಕ್ತದೊತ್ತಡ, ಅದು ಉಸಿರಾಡುವ ಪ್ರತಿಯೊಬ್ಬನಿಗೂ ಇದ್ದೇ ಇದೆ, ಇಲ್ಲದವನನ್ನು ಅದೇ ಸಂಜೆ ಶ್ಮಶಾನಕ್ಕೆ ಒಯ್ಯುತ್ತಾರೆ. ವಿಶೇಷಣವಾದರೆ ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ. ಒಬ್ಬ ಮನುಷ್ಯನ ಆಯುಷ್ಯಕ್ಕೆ ಸಂಬಂಧಪಟ್ಟ ವಾಕ್ಯವನ್ನು ಇಷ್ಟು ಅಸಡ್ಡೆಯಿಂದ ಕಟ್ಟಬಹುದೇ?

ಈ ಅಪರಾಧವನ್ನು ನಾನು ಮರಾಠಿಗರ ಮೇಲೆ ಮಾತ್ರ ಹೊರಿಸುವುದಿಲ್ಲ. ನಮ್ಮ ಉಡುಪಿಯ ಕಡೆಯವರು ಇನ್ನೂ ಒಂದು ಕೈ ಮೇಲು. "ನಂಗೆ ಬಿ.ಪಿ. ಉಂಟು ಮಾರಾಯ್ರೆ" ಎಂದು ಅವರು ಹೇಳುವ ಧಾಟಿಯನ್ನು ಕೇಳಬೇಕು, ಘೋಡಬಂದರ್ ರಸ್ತೆಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು ಉಂಟು ಎನ್ನುವಾಗಿನ ಸಂತೃಪ್ತಿಯೇ ಅದರಲ್ಲೂ ಇರುತ್ತದೆ. 'ನನಗೆ ರಕ್ತದೊತ್ತಡ ಹೆಚ್ಚಾಗಿದೆ' ಎಂದು ಪೂರ್ಣ ವಾಕ್ಯದಲ್ಲಿ ಕಾಯಿಲೆ ಬೀಳುವ ಸಂಸ್ಕಾರ ನಮ್ಮಲ್ಲಿ ಯಾರಿಗೂ ಉಳಿದಿಲ್ಲ. ಬರೆಯುವವರ ಗತಿಯಂತೂ ಕೇಳುವುದೇ ಬೇಡ. ಕನ್ನಡಿಗರ ಒಂದು ಆರೋಗ್ಯ ಶಿಬಿರದಲ್ಲಿ, ನನ್ನ ತಲೆಯ ಮೇಲೆಯೇ, 'ರಕ್ತದೋತ್ತಡ ತಪಾಸಣೆ' ಎಂಬ ಬಟ್ಟೆಯ ಫಲಕ ಕಟ್ಟಿದ್ದರು. ರಕ್ತದ ಎಂಬುದರ ಮುಂದೆ ಒತ್ತಡ ಎಂಬುದು ಬಂದಾಗ ಮೊದಲ ಪದದ ಕೊನೆಯ ಅಕಾರ ಲೋಪವಾಗುತ್ತದೆ, ಅಷ್ಟೆ, ಇದು ಲೋಪಸಂಧಿ, ಏಳನೆಯ ತರಗತಿಯ ಪಾಠ. ಅಲ್ಲಿ ಇಲ್ಲದ ದೀರ್ಘವನ್ನು ಎಲ್ಲಿಂದ ತಂದಿರಿ ಎಂದು ನಾನು ಕೇಳಿದ್ದಕ್ಕೆ, ಪಟ್ಟಿ ಸುತ್ತುತ್ತಿದ್ದ ಸ್ವಯಂಸೇವಕರು, "ಸರ್, ನೀವು ಸ್ವಲ್ಪ ಹೊತ್ತು ಆ ಕುರ್ಚಿಯಲ್ಲಿ ಕೂತು ಬನ್ನಿ" ಎಂದರು.

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಠಾಣೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಮಕ್ಕಳು ಇಂಗ್ಲಿಷಿನ ಕಡೆಗೆ ಒಬ್ಬೊಬ್ಬರಾಗಿ ಜಾರಿ, ಕೊನೆಗೆ ಬೆಂಚುಗಳೂ ನಾನೂ ಮಾತ್ರ ಉಳಿದಾಗ ಶಾಲೆ ಮುಚ್ಚಿತು. ಅಂದಿನಿಂದ ಕೋಪರಿಯಲ್ಲಿ, ಠಾಣೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಒಂದು ಸಸ್ಯಾಹಾರಿ ಹೋಟೆಲಿನ ಮ್ಯಾನೇಜರನಾಗಿದ್ದೇನೆ. ಮಾಲೀಕರಾದ ಪದ್ಮನಾಭ ರಾಯರು ನಮ್ಮೂರಿನವರು, ಒಳ್ಳೆಯವರು. ಆದರೆ ಗಿರಾಕಿಗಳ ಉಚ್ಚಾರಣೆಯನ್ನು ನಾನು ತಿದ್ದಲು ಹೊರಟಾಗಲೆಲ್ಲ, "ಮಾಷ್ಟ್ರೆ, ಅವ್ರು ಇಡ್ಲಿ ಅನ್ಲಿ, ಇಡಲೀ ಅನ್ಲಿ, ತಿಂದು ಹೋಗ್ಲಿ ಮಾರಾಯ್ರೆ. ನೀವು ಬಿಲ್ಲು ಕೊಡಿ" ಎಂದು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೂಗುತ್ತಾರೆ. ಹೀಗೆ ತಿದ್ದದೆ ನುಂಗಿದ ತಪ್ಪುಗಳೆಲ್ಲ ಎಲ್ಲಿಗೆ ಹೋಗುತ್ತವೆ? ರಕ್ತನಾಳಗಳಿಗೇ ಹೋಗುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಿಟ್ಟಿನ ಅಡಿಯಲ್ಲಿ ಭಯ ಇರಲಿಲ್ಲವೆಂದರೆ ಸುಳ್ಳಾದೀತು. ನನ್ನ ಅಣ್ಣ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಒಂದು ಗೋದಾಮಿನ ವ್ಯವಹಾರ ನೋಡಿಕೊಳ್ಳುತ್ತಿದ್ದ. ಲಾರಿಯ ಸದ್ದನ್ನೂ ಸರಳುಗಳ ಸದ್ದನ್ನೂ ಮೀರಿ ಕೇಳಿಸುವಂಥ ಗಂಟಲು ಅವನದು. ತನಗೆ ರಕ್ತದೊತ್ತಡ ಹೆಚ್ಚಿದೆಯೆಂದು ಅವನಿಗೆ ಗೊತ್ತಿತ್ತು. ಗುಳಿಗೆಯನ್ನು ಮಾತ್ರ ತಲೆನೋವು ಬಂದ ದಿನ ನುಂಗುತ್ತಿದ್ದ. ಅದಕ್ಕೆ ಎರಡು ವರ್ಷ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಪಾರ್ಶ್ವವಾಯು ಬಡಿದು ಹಾಗೆಯೇ ಕುಸಿದ. ಕಾಲು ಮೆಲ್ಲಗೆ ಬಂತು, ಕೈ ಅರ್ಧ ಬಂತು, ನಾಲಿಗೆ ಬರಲಿಲ್ಲ. ಮೂರು ಶಬ್ದ ಹೇಳಲು ಮುಖವೆಲ್ಲ ಬೆವರುತ್ತಿತ್ತು; ಲಕಾರ ಬರಬೇಕಾದಲ್ಲಿ ಳಕಾರ ಬರುತ್ತಿತ್ತು. ಕೈಕಾಲು ಹೋದರೆ ನಾನು ಹೇಗೋ ಬದುಕಿಯೇನು. ಆದರೆ ಲ-ಳ ಭೇದಕ್ಕಾಗಿ ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ ನಾನು ಒಂದು ದಿನ ಹಾಗೆ ಮಾತಾಡುವುದೆಂದರೆ? ಆದ್ದರಿಂದ ನಾನು ಅಣ್ಣನಂತಾಗಬಾರದು, ವೈದ್ಯೆಯ ಒಂದೊಂದು ಅಕ್ಷರವನ್ನೂ ಪಾಲಿಸಬೇಕು ಎಂದು ಅಲ್ಲೇ ಕುರ್ಚಿಯಲ್ಲಿ ಕುಳಿತು ನಿರ್ಧರಿಸಿದೆ. ಅಕ್ಷರ ಎಂಬ ಪದವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ವೈದ್ಯೆ ಹೇಳಿದ್ದು ಇಷ್ಟು: "ಕಾಕಾ, ಗೋಲೀ ರೋಜ್ ಲೇನೇ ಕಾ, ಏಕ್ ದಿನ್ ಭೀ ಚುಕಾನೇ ಕಾ ನಹೀಂ. ರೋಜ್ ಚಲನೇ ಕಾ. ಗುಸ್ಸಾ ಕಮ್ ಕರನೇ ಕಾ. ಹರ್ ಹಫ್ತಾ ಬಿ.ಪಿ. ಚೆಕ್ ಕರನೇ ಕಾ. ಔರ್ ಮೀಠ್ ಏಕ್‌ದಮ್ ಕಮ್." ಗುಳಿಗೆ ದಿನವೂ ತಪ್ಪದೆ, ದಿನವೂ ನಡಿಗೆ, ಸಿಟ್ಟು ಕಡಿಮೆ, ವಾರಕ್ಕೊಮ್ಮೆ ತಪಾಸಣೆ, ಮತ್ತು 'ಮೀಠ್' ತೀರಾ ಕಡಿಮೆ. ಇಷ್ಟಾದ ಮೇಲೆ, "ಔರ್ ಸುನೋ…" ಎಂದು ಇನ್ನೇನೋ ಸೇರಿಸಲು ಹೊರಟರು. ಅಪ್ಪನ ವಯಸ್ಸಿನವನಿಗೆ, ಕೇಳಿರಿ ಎನ್ನದೆ ಕೇಳು ಎಂಬಂತೆ, 'ಸುನೋ'! "ಸುನಿಯೇ" ಎಂದು ತಿದ್ದಿ ನಾನು ಎದ್ದುನಿಂತೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಚೀಟಿ ಕೊಟ್ಟು, ಬಾಗಿಲ ಕಡೆಗೆ "ನೆಕ್ಸ್ಟ್" ಎಂದರು. ಅಂದು ನಾನು ಸುಮ್ಮನಿದ್ದಿದ್ದರೆ ಆ 'ಔರ್ ಸುನೋ' ಎಂಬುದರ ಬಾಲದಲ್ಲಿ ಏನು ಬರುತ್ತಿತ್ತು ಎಂಬುದು ಆರು ತಿಂಗಳ ಅನಂತರ ತಿಳಿಯಿತು.

ಈ ಊರಿನಲ್ಲಿ ಯಾರೂ ಯಾವ ಪದವನ್ನೂ ಕೊನೆಯವರೆಗೆ ಉಚ್ಚರಿಸುವುದಿಲ್ಲ. ಪೂರ್ತಿ ಹೇಳಿದರೆ ಫಾಸ್ಟ್ ಲೋಕಲ್ ರೈಲು ತಪ್ಪಿಹೋದೀತೆಂಬ ಭಯವೋ ಏನೋ. ವಾಕ್ಯ ಹಿಂದಿಯದು, ಹಿಂದಿಯಲ್ಲಿ ಸಿಹಿಗೆ 'ಮೀಠಾ', ವೈದ್ಯೆ ಎಲ್ಲರಂತೆ ಕೊನೆಯ ಆಕಾರವನ್ನು ನುಂಗಿದ್ದಾರೆ. ಜೀವಮಾನವೆಲ್ಲ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಬಿಟ್ಟುಹೋದ ದೀರ್ಘಗಳನ್ನು ಸೇರಿಸಿದ ನಾನು ಇಲ್ಲಿಯೂ ಉದಾರವಾಗಿ ಒಂದು ದೀರ್ಘ ಸೇರಿಸಿಕೊಂಡು ಮನೆಗೆ ಬಂದೆ. ನಮ್ಮ ಮನೆಯಲ್ಲಿ ಒಂದು ನಿಯಮವಿದೆ: ಒಂದು ವಾಕ್ಯದಲ್ಲಿ ಒಂದೇ ಭಾಷೆ. ಮಗಳು ಸ್ವಾತಿ ಇಲ್ಲಿಯೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸಿ ಈ ನಿಯಮವನ್ನು ಚಾಣಾಕ್ಷತನದಿಂದ ಪಾಲಿಸುತ್ತಾಳೆ. ನನ್ನ ಪತ್ನಿ ವಾರಿಜಾ ತರಕಾರಿಯವನ ಹತ್ತಿರ ಮರಾಠಿ, ಅಕ್ಕಂದಿರ ಹತ್ತಿರ ತುಳು, ನನ್ನೆದುರು ಕನ್ನಡ ಎಂದು ಹಂಚಿಕೊಂಡಿದ್ದಾಳೆ. ಆದ್ದರಿಂದ ವೈದ್ಯೆಯ ಮಾತನ್ನು ಅವಳಿಗೆ ಅಚ್ಚಗನ್ನಡದಲ್ಲೇ ತಲುಪಿಸಿದೆ: "ಇನ್ನು ಮೇಲೆ ನನಗೆ ಸಿಹಿ ವರ್ಜ್ಯ."

"ಸಿಹಿಯಾ? ಬಿ.ಪಿ.ಗೆ ಬಿಡುವುದು ಉಪ್ಪಲ್ವಾ? ಸಿಹಿ ಶುಗರಿನವರಿಗೆ."

"ವೈದ್ಯೆ ಯಾರು? ನೀನೋ, ಅವರೋ?"

"ನಾನೆಂತ ಡಾಕ್ಟ್ರಲ್ಲ ಮಾರಾಯ್ರೆ. ಸರಿ ಕೇಳ್ಸಿಕೊಂಡಿದ್ದೀರಾ ಅಂತ ಕೇಳಿದ್ದು."

ಸರಿಯಾಗಿ ಕೇಳಿಸಿಕೊಂಡಿದ್ದೀಯಾ ಎಂದು ನನ್ನನ್ನು! ಡಿಕ್ಟೇಷನ್ ಕೊಟ್ಟೇ ಕೂದಲು ನೆರೆಸಿಕೊಂಡವನನ್ನು! ನಾನು ಅಂದು ಮಾತು ಮುಂದುವರಿಸಲಿಲ್ಲ. ಏಕೆಂದರೆ ಸಿಟ್ಟು ಕಮ್ಮಿ ಮಾಡಬೇಕಿತ್ತು.

ಇಲ್ಲಿ ನಮ್ಮ ಕಡೆಯ ಅಡುಗೆಯ ಬಗ್ಗೆ ಎರಡು ಮಾತು ಹೇಳಬೇಕು. ಉಡುಪಿಯ ಅಡುಗೆಯಿಂದ ಸಿಹಿಯನ್ನು ತೆಗೆಯುವುದೆಂದರೆ ಪಾಯಸವನ್ನು ಬಿಡುವುದೆಂದು ಅರ್ಥವಲ್ಲ. ಸಾರಿಗೆ ಬೆಲ್ಲ, ಹುಳಿಗೆ ಬೆಲ್ಲ, ಗೊಜ್ಜಿಗೆ ಬೆಲ್ಲ, ಹಾಗಲಕಾಯಿಗಂತೂ ಕೇಳುವುದೇ ಬೇಡ. ಬೆಲ್ಲ ಅಲ್ಲಿ ಸಿಹಿಗೆಂದು ಕೂತಿರುವುದಿಲ್ಲ. ಹುಳಿ-ಖಾರಗಳ ಜಗಳ ಬಿಡಿಸುವ ಹಿರಿಯನಂತೆ ಕೂತಿರುತ್ತದೆ. ಆ ಹಿರಿಯನನ್ನು ಎಬ್ಬಿಸಿ ಹೊರಗೆ ಹಾಕಿದ ಮರುದಿನ ಸಾರು ಬಾಯಿಗಿಟ್ಟರೆ ಬಾಯಿ ಹಿಂದಕ್ಕೆ ಸರಿಯುವಂತಾಯಿತು. ಒಂದು ಚಿಟಿಕೆ ಉಪ್ಪು ಹಾಕಿಕೊಂಡೆ, ಸ್ವಲ್ಪ ಸುಧಾರಿಸಿತು. ಇನ್ನೊಂದು ಚಿಟಿಕೆ ಹಾಕಿದೆ, ತಿನ್ನಬಹುದು ಅನ್ನಿಸಿತು. ಸಕ್ಕರೆಯಿಲ್ಲದ ಕಾಫಿ ಕುಡಿಯಲಾರದೆ ಕಾಫಿಯ ಹೊತ್ತಿಗೆ ಉಪ್ಪು ಹಾಕಿದ ನೀರು ಮಜ್ಜಿಗೆ ಹಿಡಿದೆ. ಊಟದ ಕೊನೆಗೆ ಸಿಹಿ ಬೇಡುವ ನಾಲಿಗೆಯನ್ನು ಸುಮ್ಮನಾಗಿಸಲು ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು. ಬೇಸಗೆಯಲ್ಲಿ ಊರಿನಿಂದ ಬಂದವರು ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ ಭರಣಿಯನ್ನೇ ತಂದುಕೊಟ್ಟಾಗ, ದೇವರು ಸಂಯಮಿಗಳನ್ನು ಕೈಬಿಡುವುದಿಲ್ಲ ಎಂದುಕೊಂಡೆ. ಹೋಟೆಲಿನಲ್ಲಿ ರಾಯರು ಪೂಜೆಯ ಶೀರಾ ಕೊಡಲು ಬಂದರೆ, ನಾಲ್ಕು ಮೇಜಿಗೆ ಕೇಳಿಸುವಂತೆ "ವರ್ಜ್ಯ" ಎನ್ನುತ್ತಿದ್ದೆ. ತ್ಯಾಗಿಗೆ ಪ್ರೇಕ್ಷಕರು ಬೇಕು.

ನಡೆಯುವ ವಿಷಯ. 'ರೋಜ್ ಚಲನೇ ಕಾ' ಎಂದು ಹೇಳುವುದು ಸುಲಭ. ಡೊಂಬಿವಲಿಯಲ್ಲಿ ಎಲ್ಲಿ ಎಂಬುದನ್ನು ಯಾವ ವೈದ್ಯಶಾಸ್ತ್ರವೂ ಹೇಳುವುದಿಲ್ಲ. ಕಾಲುದಾರಿಯ ಮೇಲೆ ಸ್ಕೂಟರು ನಿಂತಿರುತ್ತದೆ, ಸ್ಕೂಟರಿನ ಪಕ್ಕ ಮೆಂತ್ಯೆ ಸೊಪ್ಪಿನ ಬುಟ್ಟಿ, ಬುಟ್ಟಿಯ ಎದುರು ಚೌಕಾಸಿ ಮಾಡುವ ಮೂವರು, ರಸ್ತೆಗಿಳಿದರೆ ಹಿಂದಿನಿಂದ ರಿಕ್ಷಾ. "ಏ ಕಾಕಾ, ಬಾಜೂ!" 'ಬಾಜೂ' ಏನು? ಬಾಜೂ ಸರಿಯಿರಿ ಎಂದೋ, ಬಾಜೂ ನಿಲ್ಲಿರಿ ಎಂದೋ? ಕ್ರಿಯಾಪದವಿಲ್ಲದೆ ಒಬ್ಬನನ್ನು ಎತ್ತ ಸರಿಯಲು ಹೇಳುತ್ತೀರಿ? ಇದನ್ನು ವಿವರಿಸಿ ಕೇಳುವಷ್ಟರಲ್ಲಿ ರಿಕ್ಷಾ ಮುಂದಿನ ತಿರುವಿನಲ್ಲಿರುತ್ತಿತ್ತು. ಹೀಗೆ ಒತ್ತಡ ಇಳಿಸಲು ಹೊರಟವನು ಏರಿಸಿಕೊಂಡು ಮನೆ ಸೇರುತ್ತಿದ್ದೆ. ಆದರೂ ನಡೆದೆ. ಗುಳಿಗೆಯನ್ನು ಒಂದು ದಿನವೂ ಬಿಡಲಿಲ್ಲ. ವಾರಕ್ಕೊಮ್ಮೆ ತಪ್ಪದೆ ಎದುರಿನ ದವಾಖಾನೆಯಲ್ಲಿ ತೋಳು ಚಾಚಿದೆ. ವಾರಕ್ಕೊಮ್ಮೆ ತಪ್ಪದೆ ವೈದ್ಯೆಯ ಹುಬ್ಬು ಮೇಲೇರಿತು.

"ಕಾಕಾ, ಮೀಠ್ ಬಂದ್ ಕಿಯಾ ನಾ?"

"ಪೂರ್ಣತಃ."

"ಜರಾ ಭೀ ನಹೀಂ?"

"ಕಣಮಾತ್ರ ಭೀ ನಹೀಂ. ಬೇಟೀ ಕೇ ಜನ್ಮದಿನ್ ಪರ್ ಭೀ ನಹೀಂ."

ಮಗಳ ಹುಟ್ಟುಹಬ್ಬದಂದು ಉಪ್ಪು ತಿನ್ನುವ ಪದ್ಧತಿ ಯಾವ ಜಾತಿಯಲ್ಲಿದೆ ಎಂದು ಅವರು ಯೋಚಿಸಿರಬೇಕು; ಆ ದಿನ ನನ್ನನ್ನು ವಿಚಿತ್ರವಾಗಿ ನೋಡಿ ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಮುಂದೆ ಇನ್ನೊಂದು ಗುಳಿಗೆ ಸೇರಿಸಿದರು. ನನಗೆ ಅವರ ಯಂತ್ರದ ಮೇಲೆಯೇ ಸಂಶಯ ಬಂತು. ಮನೆಯಲ್ಲೇ ಅಳೆಯುವ ಯಂತ್ರವೊಂದನ್ನು ಸ್ವಾತಿ ತಂದಳು. ಅದರ ನಿಯಮಗಳು ಸ್ಪಷ್ಟವಾಗಿದ್ದವು: ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಬೆನ್ನಿಗೆ ಆನಿಕೆ ಇರಬೇಕು, ಪಾದಗಳು ನೆಲದ ಮೇಲಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಮಾತಾಡಬಾರದು. ಮೊದಲ ನಾಲ್ಕನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಆದರೆ ಯಂತ್ರ ಗಾಳಿ ತುಂಬಿಕೊಳ್ಳುವ ಹೊತ್ತಿಗೆ ಸರಿಯಾಗಿ ಟಿ.ವಿ.ಯ ಕನ್ನಡ ವಾರ್ತೆಯವಳು "ಹಾರ್ದಿಕ ಸ್ವಾಗತವನ್ನು ಕೋರಲಾಗುತ್ತಿದೆಯಾಗಿದೆ" ಎಂದಳು. ಒಂದು ವಾಕ್ಯಕ್ಕೆ ಎರಡು ಕ್ರಿಯಾಪದ! ನಾನು ಬಾಯಿ ಬಿಟ್ಟೆ. "ಪಪ್ಪಾ, ಬಾತ್ ಮತ್ ಕರೋ ನಾ! ಗಲತ್ ಆಯೇಗಾ" ಎಂದು, ಮಾತಾಡಿದರೆ ಅಂಕಿ ತಪ್ಪಾದೀತೆಂದು ಸ್ವಾತಿ ಕಿರುಚಿದಳು. ಗಲತ್ ಬರಲಿಲ್ಲ, ನೂರ ಎಂಬತ್ತು ಬಂತು.

ಇಷ್ಟರಲ್ಲಿ ನಾನು ಇನ್ನೂ ಒಂದು ಕೆಲಸ ಮಾಡಿದ್ದೆ. ನನಗೆ ಸಿಕ್ಕಿದ ಜ್ಞಾನವನ್ನು ಕಳಂಬೋಲಿಗೂ ಮುಟ್ಟಿಸಿದ್ದೆ. ಅಣ್ಣನ ಮನೆಯಲ್ಲಿ ಉಪ್ಪು ಮೊದಲೇ ಕಡಿಮೆಯಾಗಿತ್ತು. "ಬಿ.ಪಿ.ಗೆ ಸಿಹಿಯೂ ಆಗದಂತೆ, ಹೊಸ ವೈದ್ಯೆ ಹೇಳಿದ್ದಾರೆ" ಎಂದೆ. "ನಮ್ಮ ಡಾಕ್ಟ್ರು ಸಿಹಿ ಬಿಡಿ ಅಂತ ಹೇಳ್ಲಿಲ್ಲ ಮಾಷ್ಟ್ರೆ" ಎಂದು ಅತ್ತಿಗೆ ಅನುಮಾನಿಸಿದಾಗ, "ವಿಜ್ಞಾನ ಮುಂದುವರಿಯುತ್ತಿರುತ್ತದೆ ಅತ್ತಿಗೆ" ಎಂದು ತಿಳಿಹೇಳಿದೆ. ಮಾಷ್ಟ್ರು ಹೇಳಿದ ಮೇಲೆ ಮುಗಿಯಿತು. ಅಣ್ಣನ ತಟ್ಟೆಯಿಂದ, ಉಪ್ಪು ಹೋದ ಮೇಲೂ ಅವನು ಊಟವನ್ನು ಊಟವೆಂದು ಒಪ್ಪುವಂತೆ ಮಾಡುತ್ತಿದ್ದ ಒಂದು ತುಂಡು ಬೆಲ್ಲವೂ ಹೋಯಿತು. ಅನಂತರ ನಾನು ಹೋದಾಗಲೆಲ್ಲ ಅವನು ನನ್ನ ಅಂಗಿಯ ತೋಳು ಹಿಡಿದು, ಮುಖವೆಲ್ಲ ಬಿಗಿ ಮಾಡಿ, "ಬೆ…ಳ್ಳ" ಎನ್ನುತ್ತಿದ್ದ.

"ಬೆಲ್ಲ ಅಣ್ಣ. ಎರಡೂ ಲಕಾರ. ನಾಲಿಗೆಯನ್ನು ಹಿಂದಕ್ಕೆ ಮಡಚಬೇಡ. ಎಲ್ಲಿ, ಹೇಳು. ಬೆಲ್ಲ."

"ಬೆ…ಳ್ಳ."

"ಮತ್ತೊಮ್ಮೆ."

ಅವನು ನಾಲ್ಕೈದು ಸಲ ಪ್ರಯತ್ನಿಸಿ, ಸೋತು, ಕಣ್ಣು ಒರೆಸಿಕೊಂಡು ಗೋಡೆಯ ಕಡೆಗೆ ತಿರುಗುತ್ತಿದ್ದ. ಅಭ್ಯಾಸ ಒಳ್ಳೆಯದು, ಮುಂದಿನ ವಾರ ಇನ್ನಷ್ಟು ಮಾಡಿಸುತ್ತೇನೆ ಎಂದುಕೊಂಡು ನಾನು ಬಸ್ಸು ಹತ್ತುತ್ತಿದ್ದೆ.

ಮೇ ತಿಂಗಳ ಕೊನೆಯಲ್ಲಿ ವೈದ್ಯೆಯ ತಾಳ್ಮೆ ಮುಗಿಯಿತು. ಇನ್ನು ಠಾಣೆಯ ದೊಡ್ಡ ಆಸ್ಪತ್ರೆಗೇ ಕಳಿಸುತ್ತೇನೆ, ಅದಕ್ಕೆ ಮೊದಲು ಕಾಕೂ ಅವರನ್ನು ಕರೆದುಕೊಂಡು ಬನ್ನಿ ಎಂದರು. ಮಕ್ಕಳು ಸುಳ್ಳು ಹೇಳುತ್ತಾರೆಂಬ ಸಂಶಯ ಬಂದಾಗ ನಾನೂ ಪಾಲಕರನ್ನು ಕರೆಸುತ್ತಿದ್ದೆನಾದ್ದರಿಂದ ಆ ಕ್ರಮದ ಅವಮಾನ ನನಗೆ ಚೆನ್ನಾಗಿ ತಟ್ಟಿತು. ವಾರಿಜಾ ಬಂದಳು. ವೈದ್ಯೆ ನನ್ನ ತೋಳಿಗೆ ಪಟ್ಟಿ ಕಟ್ಟುತ್ತ, ನನ್ನನ್ನು ಬಿಟ್ಟು ಅವಳೊಡನೆ ಮರಾಠಿಯಲ್ಲಿ, ಕಾಕಾ ಎಷ್ಟು ತಿನ್ನುತ್ತಾರೆ, ನಿಜ ಹೇಳಿ ಎಂದು ಕೇಳಿದರು. "ಕಾಕೂ, ಖರಂ ಸಾಂಗಾ. ಕಾಕಾ ಮೀಠ್ ಕಿತೀ ಖಾತಾತ್?"

"ಮೀಠ್? ಭರಪೂರ್!" ಎಂದಳು ವಾರಿಜಾ, ಒಂದು ಕ್ಷಣವೂ ಯೋಚಿಸದೆ. "ವರೂನ್ ಪಣ್ ಘೇತಾತ್."

ಬೇಕಾದಷ್ಟು ತಿನ್ನುತ್ತಾನೆ, ಮೇಲಿನಿಂದಲೂ ಹಾಕಿಕೊಳ್ಳುತ್ತಾನೆ ಎಂದು! ಕಟ್ಟಿಕೊಂಡ ಹೆಂಡತಿ, ಪರರ ಎದುರಿನಲ್ಲಿ, ಪಟ್ಟಿ ಕಟ್ಟಿದ ತೋಳಿನವನ ಮೇಲೆ! ನಾನು ಕುರ್ಚಿಯಿಂದ ಅರ್ಧ ಎದ್ದೆ.

"ಸುಳ್ಳು! ಶುದ್ಧ ಸುಳ್ಳು!"

"ಎಂತ ಸುಳ್ಳು? ಮಧ್ಯಾಹ್ನ ಮಜ್ಜಿಗೆಗೆ ಹಾಕ್ಕೊಂಡದ್ದು ಎಂತ?"

"ಉಪ್ಪು."

"ಮತ್ತೆ ಇವರು ಕೇಳಿದ್ದು ಎಂತ?"

ಅರ್ಧ ಎದ್ದಿದ್ದ ನಾನು ಮತ್ತೆ ಕೂತೆ. ಮರಾಠಿಯಲ್ಲಿ ಉಪ್ಪಿಗೆ 'ಮೀಠ್' ಎನ್ನುತ್ತಾರೆ. ಅದು ನನಗೆ ತಿಳಿಯದ ಸಂಗತಿಯೆಂದು ದಯವಿಟ್ಟು ಯಾರೂ ಭಾವಿಸಬಾರದು. ಚೆನ್ನಾಗಿ ತಿಳಿದಿತ್ತು. ಹಿಂದಿಯವರು ಸಿಹಿಗೂ ಮರಾಠಿಯವರು ಉಪ್ಪಿಗೂ ಒಂದೇ ಮೂಲದ ಪದವನ್ನು ಹಚ್ಚಿಕೊಂಡಿರುವ ವಿಚಿತ್ರವನ್ನು ನಾನೇ ಒಮ್ಮೆ ತರಗತಿಯಲ್ಲಿ ವಿವರಿಸಿದ್ದೆ. ಆದರೆ ಅಂದು ವಾಕ್ಯ ಹಿಂದಿಯದಾಗಿತ್ತು! ಗೋಲೀ, ಗುಸ್ಸಾ, ಹಫ್ತಾ, ಎಲ್ಲ ಹಿಂದಿ. ನಡುವೆ ಒಂದೇ ಒಂದು ಪದ ಟಿಕೆಟಿಲ್ಲದೆ ಮರಾಠಿಯಿಂದ ನುಗ್ಗಿದರೆ ಅದನ್ನು ಹಿಡಿಯುವುದು ನನ್ನ ಹೊಣೆಯೇ? ವೈದ್ಯೆಗೆ ವಾರಿಜಾ ವಿಷಯವನ್ನು ಬಿಡಿಸಿ ಹೇಳಿದಳು. ಅವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಹೊರಗೆ ಕೂತಿದ್ದ ರೋಗಿಗಳು ಬಾಗಿಲಿನಿಂದ ಇಣುಕಿದರು. ನಗು ತಡೆದುಕೊಂಡು, "ಕಾಕಾ, ಉಸ್ ದಿನ್ ಲೋಣಚೇ, ಪಾಪಡ್ ಸಬ್ ಬೋಲನೇವಾಲೀ ಥೀ. ಆಪ್ ಉಠ್ ಗಯೇ" ಎಂದರು. ಉಪ್ಪಿನಕಾಯಿ, ಹಪ್ಪಳ ಎಲ್ಲ ಬಿಡಬೇಕೆಂದು ಹೇಳುವವರಿದ್ದರಂತೆ. ಅಷ್ಟರಲ್ಲಿ ನಾನು ಎದ್ದೆನಂತೆ. 'ಔರ್ ಸುನೋ' ಎಂಬುದರ ಬಾಲ ಅದಾಗಿತ್ತು.

ನಾನು ಸುಮ್ಮನೆ ಬಿಡುವವನಲ್ಲ. ತಪ್ಪು ಯಾರದೆಂಬುದು ಇತ್ಯರ್ಥವಾಗಬೇಕಿತ್ತು. "ಹಿಂದಿ ವಾಕ್ಯದಲ್ಲಿ 'ನಮಕ್' ಎನ್ನಬೇಕಿತ್ತು. ನಿಮ್ಮ ಮಾತಿನಲ್ಲಿ ಕೊನೆಯ ಆಕಾರ ಲೋಪವಾಗಿದೆಯೆಂದು ಯಾವ ವಿವೇಕಿಯೂ ಭಾವಿಸುತ್ತಾನೆ" ಎಂದು ಮೆಟ್ಟಿಲಿಳಿಯುವಾಗಲೂ ವಾದಿಸುತ್ತಲೇ ಇದ್ದೆ, ವೈದ್ಯೆ ಮೇಲೆ ಉಳಿದಿದ್ದರಿಂದ ಕೇಳುವವಳು ವಾರಿಜಾ ಒಬ್ಬಳೇ ಆಗಿದ್ದಳು. ಅವಳು ಕೊನೆಯ ಮೆಟ್ಟಿಲಿನಲ್ಲಿ ನಿಂತಳು. ನನ್ನೆದುರು ಎಂದೂ ಆಡದ ತುಳುವಿನಲ್ಲಿ, "ಈರ್ ಎನಡ ದಾದ ಪಂಡಿನಿ?" ಎಂದಳು. ನೀವು ನನ್ನತ್ರ ಹೇಳಿದ್ದು ಏನು ಎಂದು. ನಾನು ಹೇಳಿದ್ದು 'ಸಿಹಿ'; 'ಮೀಠ್' ಎಂದೇ ಹೇಳಿದ್ದರೆ ಅವಳಿಗೆ ಅಂದೇ ತಿಳಿಯುತ್ತಿತ್ತು. ಅವಳ ಭಾಷೆಗಳ ಹಂಚಿಕೆ ಮುರಿದಿತ್ತು, ಆದರೆ ತಿದ್ದುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಆರು ತಿಂಗಳು," ಎಂದು ಅವಳು ಮತ್ತೆ ಕನ್ನಡಕ್ಕೆ ಬಂದಳು, "ಆರು ತಿಂಗಳು ಬೆಲ್ಲ ಇಲ್ಲದ ಸಾರು ನಾನೂ ಉಂಡಿದ್ದೇನೆ. ಎರಡೆರಡು ಪಾತ್ರೆ ಇಡ್ಲಿಕ್ಕೆ ನಮ್ಮದೇನು ಹೋಟ್ಲಾ? ಬಿ.ಪಿ.ಗೆ ಉಪ್ಪಲ್ವಾ ಅಂತ ನಾನು ಕೇಳಿದ್ದೆ. ಅದಿರ್ಲಿ. ಭಾವನ ಬೆಲ್ಲ ಯಾಕೆ ತೆಗ್ಸಿದ್ರಿ? ನಿನ್ನೆ ಕಳಂಬೋಲಿ ಅಕ್ಕ ಫೋನಲ್ಲಿ ಅತ್ತರು. ಪಾಪ, ಬೆಲ್ಲ ಕೇಳಿದ್ರೆ ತಮ್ಮ ಪಾಠ ಮಾಡ್ತಾನಂತೆ."

ರಿಕ್ಷಾಗಳು ಹಾರ್ನು ಹೊಡೆಯುತ್ತಿದ್ದವು. ಯಾರೋ "ಬಾಜೂ" ಎಂದರು. ನಾನು ಸರಿದೆ.

ವ್ಯಾಕರಣದಲ್ಲಿ ಲೋಪಕ್ಕೆ ಎದುರಾಗಿ ಆಗಮ ಎಂಬುದಿದೆ: ಇಲ್ಲದ ಅಕ್ಷರವೊಂದು ಎಲ್ಲಿಂದಲೋ ಬಂದು ನಡುವೆ ಕೂರುವುದು. ವೈದ್ಯೆ ಅಕ್ಷರ ನುಂಗಿದರೆಂದು ನಾನು ಹೇಳುತ್ತಿದ್ದೆ. ಅವರು ಏನನ್ನೂ ನುಂಗಿರಲಿಲ್ಲ. ಪದ ಬಾಯಿಂದ ಪೂರ್ಣವಾಗಿಯೇ ಬಂದಿತ್ತು. ಆ ಆಕಾರವನ್ನು ತಂದು ಕೂರಿಸಿದವನು ನಾನು. 'ರಕ್ತದೋತ್ತಡ' ಬರೆದವನೂ ನಾನೂ ಮಾಡಿದ್ದು ಒಂದೇ ಕೆಲಸ; ಅವನದು ಬಟ್ಟೆಯ ಮೇಲೆ, ನನ್ನದು ಎರಡು ಮನೆಗಳ ಅಡುಗೆಯಲ್ಲಿ. ಇದನ್ನು ಮನಸ್ಸಿನಲ್ಲಿ ಒಪ್ಪಿಕೊಂಡೆ, ಬಾಯಲ್ಲಿ ಒಪ್ಪಲಿಲ್ಲ. 'ನಮಕ್' ಎನ್ನಬೇಕಿತ್ತು ಎಂಬ ನನ್ನ ಮುಖ್ಯ ವಾದ ಈಗಲೂ ನಿಂತೇ ಇದೆ.

ಅಂದಿನಿಂದ ಅಡುಗೆಮನೆಯ ಆಡಳಿತ ಬದಲಾಯಿತು. ಭರಣಿಗಳು ಎತ್ತರದ ಕಪಾಟು ಸೇರಿದವು. ನನಗಿಂತ ಎತ್ತರದ ಸ್ವಾತಿಗೆ ಮಾತ್ರ ಎಟುಕುವ ಕಪಾಟು. ಸಾರಿಗೆ ಬೆಲ್ಲ ವಾಪಸ್ಸು ಬಂತು, ಉಪ್ಪು ಇಳಿಯಿತು. ಮೊದಲ ಎರಡು ವಾರ ಅನ್ನ ಹತ್ತಿಯಂತಿತ್ತು. ಆಮೇಲೆ ಬದನೆಕಾಯಿಗೆ ಬದನೆಕಾಯಿಯದೇ ಒಂದು ರುಚಿ ಇದೆಯೆಂಬುದು ಐವತ್ತಮೂರನೆಯ ವಯಸ್ಸಿನಲ್ಲಿ ತಿಳಿಯಿತು. ಲಿಂಬೆ ಹಿಂಡಿಕೊಂಡೆ, ಶುಂಠಿ ಜಜ್ಜಿ ಹಾಕಿಕೊಂಡೆ. ನಸುಕಿನಲ್ಲಿ, ರಿಕ್ಷಾಗಳು ಏಳುವ ಮೊದಲು, ವಾರಿಜಾ ನನ್ನನ್ನು ನಡೆಸಿಕೊಂಡು ಹೋಗತೊಡಗಿದಳು. ಬೆಳಿಗ್ಗೆ ಸಂಜೆ ಯಂತ್ರದೆದುರು ಕೂರುವಾಗ ಟಿ.ವಿ. ಬಂದ್. ಆದರೂ ಅಂಕಿ ಇಳಿಯಲು ಹಟ ಮಾಡುತ್ತಿತ್ತು. ಇಳಿಯುವುದು, ಯಾರೋ ಏನೋ ತಪ್ಪು ಮಾತಾಡುವುದು, ನಾನು ತಿದ್ದುವುದು, ಏರುವುದು. "ನಿಮ್ಮ ಬಿ.ಪಿ. ಉಪ್ಪಲ್ಲಿ ಅರ್ಧ, ಬಾಯಲ್ಲಿ ಅರ್ಧ" ಎಂದು ವಾರಿಜಾ ತೀರ್ಪು ಕೊಟ್ಟಳು.

ಜುಲೈಯಲ್ಲಿ ಒಂದು ಭಾನುವಾರ ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ನಾವಿಬ್ಬರೂ ಕಳಂಬೋಲಿಗೆ ಹೋದೆವು. ವಾರಿಜಾ ಮನೆಯಿಂದಲೇ ಹೋಳಿಗೆ ಮಾಡಿ ತಂದಿದ್ದಳು. ಊಟಕ್ಕೆ ಮೊದಲು ಅಣ್ಣನದೂ ನನ್ನದೂ ರಕ್ತದೊತ್ತಡ ಅಳೆಯುವುದೆಂದಾಯಿತು. ಅಣ್ಣನದು ಚೆನ್ನಾಗಿಯೇ ಇತ್ತು. ಎರಡು ವರ್ಷದಿಂದ ಅತ್ತಿಗೆ ಗುಳಿಗೆಯನ್ನು ತಮ್ಮ ಕೈಯಿಂದಲೇ ಬಾಯಿಗಿಡುತ್ತಿದ್ದರು. ನನ್ನ ಸರದಿ ಬಂತು. ಬೆನ್ನಿಗೆ ಆನಿಕೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ. ಪಟ್ಟಿ ಬಿಗಿಯತೊಡಗಿತು. ಅದೇ ಹೊತ್ತಿಗೆ ಅಣ್ಣ ಎದುರಿನ ತಟ್ಟೆಯ ಹೋಳಿಗೆಯ ಅಂಚನ್ನು ಎಡಗೈಯಿಂದ ಮುರಿದು ಬಾಯಿಗಿಟ್ಟು, ಕಣ್ಣು ಮುಚ್ಚಿ, ನನ್ನ ಕಡೆ ತಿರುಗಿ, ಪಾಠಕ್ಕೆ ತಯಾರಾದ ಮಗುವಿನಂತೆ ಮುಖ ಬಿಗಿ ಮಾಡಿ, "ಬೆ…ಳ್ಳ" ಎಂದ.

ನಾನು ತುಟಿ ಬಿಚ್ಚಲಿಲ್ಲ. ಅವನು ಇನ್ನೊಂದು ಸಲ ಹೇಳಿದ. ನಾನು ತಲೆಯಾಡಿಸಿದೆ, ಸರಿಯಾಗಿದೆ ಎಂಬಂತೆ. ಅವನು ಮುಖದ ಬಿಗಿ ಸಡಿಲಿಸಿ, ಅರ್ಧ ಬಾಯಿಂದ ನಕ್ಕ. ಯಂತ್ರ ಉಸಿರು ಬಿಟ್ಟಿತು. ಅಂಕಿಯನ್ನು ನೋಡಿ ವಾರಿಜಾ ಮೊದಲು ನಂಬಲಿಲ್ಲ. ಮತ್ತೆ ಅಳೆದಳು, ಮತ್ತೂ ಅಷ್ಟೇ. ನೂರ ಇಪ್ಪತ್ತೆಂಟು, ಎಂಬತ್ತೆರಡು. ಅವಳು ಒಳಗೆ ಅಡುಗೆಮನೆಯಲ್ಲಿದ್ದ ಅತ್ತಿಗೆಗೆ ಕೇಳುವಂತೆ, ನಾಲ್ಕು ಮನೆಗೆ ಕೇಳುವಂತೆ ಕೂಗಿದಳು:

"ಅಕ್ಕಾ, ಇವರಿಗೆ ಈಗ ಬಿ.ಪಿ. ಇಲ್ಲ!"

ಬಿ.ಪಿ. ಇಲ್ಲ! ಇಲ್ಲದವನನ್ನು ಅದೇ ಸಂಜೆ ಎಲ್ಲಿಗೆ ಒಯ್ಯುತ್ತಾರೆಂದು ಮೊದಲೇ ತಿಳಿಸಿದ್ದೇನೆ. ಮಾತು ಗಂಟಲವರೆಗೆ ಬಂತು. ವಾರಿಜಾ ಮೂರನೆಯ ಸಲಕ್ಕೆ ಗುಂಡಿ ಒತ್ತಿ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಎದುರಿಗೆ ಅಣ್ಣ ಹೋಳಿಗೆ ತಿನ್ನುತ್ತಿದ್ದ. ನಾನು ಆ ವಾಕ್ಯವನ್ನು ತಿದ್ದದೆ ಬಿಟ್ಟೆ. ಹೀಗೆ, ಊಟಕ್ಕೆ ಎಲೆ ಹಾಕುವ ಹೊತ್ತಿನಲ್ಲಿ, ಸ್ವಂತ ಹೆಂಡತಿಯ ಘೋಷಣೆಯಂತೆ, ನನ್ನ ಮೌನ ಸಮ್ಮತಿಯೊಡನೆ, ವ್ಯಾಕರಣದ ಮಟ್ಟಿಗೆ ನಾನು ತೀರಿಕೊಂಡೆ. ದಿನಾಂಕ: ೧೭ ಜುಲೈ ೨೦೧೧, ಭಾನುವಾರ.